ನಡುಗಬೇಡಿ, ಬಾಯ್ಲರ್ ಮುಂದೆ ನಿಲ್ಲಿ!

ಲಂಡನ್, ಸ್ಲೌ, ರೆಡಿಂಗ್ ಕಡೆ ಬಾಡಿಗೆ ಫ್ಲ್ಯಾಟುಗಳಲ್ಲಿರುವ ಕನ್ನಡ ಬಂಧುಗಳೇ,

ಈ ದೇಶದಲ್ಲಿ ದೀಪಾವಳಿ ಬಂತೆಂದರೆ ಹೀಟಿಂಗ್ ಶುರು. ಜನವರಿಯ ಗ್ಯಾಸ್ ಬಿಲ್ ನೋಡಿದ ಮೇಲೆ ನಮ್ಮಲ್ಲಿ ಬಹಳ ಮನೆಗಳಲ್ಲಿ ನಡೆಯುವುದು ಒಂದೇ: ಹೀಟಿಂಗ್ ಆರಿಸಿ, ಮಕ್ಕಳಿಗೆ ಎರಡೆರಡು ಸ್ವೆಟರ್ ತೊಡಿಸಿ, ಕಂಬಳಿ ಹೊದ್ದು ಕೂರುವುದು. ಅದು ಬೇಡ. ಎಳೆಕೂಸು, ಬಾಣಂತಿ, ಊರಿಂದ ಬಂದ ಅಪ್ಪ-ಅಮ್ಮ ಇರುವ ಮನೆ 18 ಡಿಗ್ರಿಗಿಂತ ಕೆಳಗಿಳಿಯಬಾರದು. ದುಡ್ಡು ಸೋರುತ್ತಿರುವ ಜಾಗಗಳು ಬೇರೆಯೇ ಇವೆ. ಮೊದಲು ಅಲ್ಲಿ ಕೈಹಾಕಿ.

ಇವತ್ತೇ: ಬಾಯ್ಲರ್

ನಿಮ್ಮ ಬಾಯ್ಲರಿನ ಮೇಲೆ ನಲ್ಲಿಯ ಚಿತ್ರವಿರುವ ಒಂದು ನಾಬ್, ರೇಡಿಯೇಟರ್ ಚಿತ್ರವಿರುವ ಇನ್ನೊಂದು ನಾಬ್ ಇರುತ್ತದೆ. ಕೆಲವುಗಳಲ್ಲಿ ನಾಬ್ ಬದಲು ಬಟನ್. ರೇಡಿಯೇಟರಿನದು ಸಾಮಾನ್ಯವಾಗಿ 75ಕ್ಕೋ 80ಕ್ಕೋ ನಿಂತಿರುತ್ತದೆ. ಕೂರಿಸಿದವರು ಹಾಗೇ ಬಿಟ್ಟು ಹೋಗಿರುತ್ತಾರೆ. ಅದನ್ನು 60ಕ್ಕೆ ಇಳಿಸಿ. ಇದು ಕೋಣೆಯ ಡಿಗ್ರಿಯಲ್ಲ, ರೇಡಿಯೇಟರಿಗೆ ಹರಿಯುವ ನೀರಿನ ಡಿಗ್ರಿ.

ಇಂಗ್ಲೆಂಡಿನಲ್ಲಿ 2005ರಿಂದ ಈಚೆಗೆ ಕೂರಿಸಿದ ಬಾಯ್ಲರುಗಳು ಹೆಚ್ಚುಕಡಿಮೆ ಎಲ್ಲವೂ ಕಂಡೆನ್ಸಿಂಗ್ ಬಾಯ್ಲರುಗಳು. ಗ್ಯಾಸ್ ಉರಿದಾಗ ಏಳುವ ಹಬೆಯನ್ನು ಸುಮ್ಮನೆ ಹೊರಗೆ ಬಿಡದೆ, ಮತ್ತೆ ನೀರಾಗಿಸಿ, ಅದರೊಳಗಿನ ಬಿಸಿಯನ್ನೂ ಹಿಂಡಿಕೊಳ್ಳಲೆಂದೇ ಅವನ್ನು ಮಾಡಿರುವುದು. ಆದರೆ ರೇಡಿಯೇಟರುಗಳನ್ನು ಸುತ್ತಿ ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. 80ಕ್ಕೆ ಇಟ್ಟರೆ ವಾಪಸು ಬರುವ ನೀರೂ ಸುಡುತ್ತಿರುತ್ತದೆ. ಹಬೆಯೆಲ್ಲ ಪೈಪಿನಿಂದ ಹೊರಗೆ. ನೀವು ಪೌಂಡ್ ಎಣಿಸಿ ಕೊಂಡ ಬಿಸಿ ಬೀದಿಪಾಲು.

60ಕ್ಕೆ ಇಳಿಸಿದರೆ ಮನೆ ಬೆಚ್ಚಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ರೇಡಿಯೇಟರ್ ಮುಟ್ಟಿದರೆ ಚುರುಕ್ ಎನ್ನುವುದಿಲ್ಲ. ಅಷ್ಟೇ ವ್ಯತ್ಯಾಸ. ತೀರಾ ಕೊರೆಯುವ ದಿನ ಸಾಲದೆನಿಸಿದರೆ ತುಸು ಏರಿಸಿ, ಆಮೇಲೆ ಮತ್ತೆ ಇಳಿಸಿ. ಗೋಡೆಗೆ ಮೊಳೆ ಹೊಡೆಯುವುದಕ್ಕೂ ಏಜೆಂಟರನ್ನು ಕೇಳುವ ನಾವು ಇದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಎಚ್ಚರ: ಈ ಮಾತು ಕಾಂಬಿ ಬಾಯ್ಲರಿಗೆ ಮಾತ್ರ. ಬಿಸಿನೀರಿಗೆ ಬೇರೆ ಟ್ಯಾಂಕ್ ಇರುವ ಮನೆಯವರು ಹೀಗೆ ಇಳಿಸಬೇಡಿ. ಟ್ಯಾಂಕಿನ ನೀರು 60 ಡಿಗ್ರಿಗೆ ಕಾಯದಿದ್ದರೆ ಲೀಜಿಯೊನೆಲ್ಲ ಎಂಬ ರೋಗಾಣು ಬೆಳೆಯುವ ಅಪಾಯವಿದೆ.

ಗೋಡೆಯ ಥರ್ಮೋಸ್ಟಾಟನ್ನು 25ಕ್ಕೆ ತಿರುಗಿಸಿದರೆ ಮನೆ ಬೇಗ ಬಿಸಿಯಾಗುತ್ತದೆ ಎಂಬುದು ಬರೀ ಸುಳ್ಳು. ಎಲ್ಲಿಗೆ ನಿಲ್ಲಿಸಬೇಕೆಂದಷ್ಟೇ ಅದು ಹೇಳುತ್ತದೆ. ಸೋಫಾವನ್ನು ರೇಡಿಯೇಟರಿನಿಂದ ದೂರ ಎಳೆಯಿರಿ. ಬಾಗಿಲಡಿಯ ಸಂದಿಗೆ ಹಳೆ ಸೀರೆ ಸುತ್ತಿಡಿ, ಕಿಟಕಿಗೆ ಫೋಮ್ ಟೇಪ್ ಅಂಟಿಸಿ. ಆದರೆ ಗಾಳಿಗೆಂದೇ ಮಾಡಿರುವ ಜಾಲರಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಅನ್ನ, ಸಾರು ಕುದಿಯುವಾಗ ಮುಚ್ಚಳ ಹಾಕಿ ಫ್ಯಾನ್ ಓಡಿಸಿ. ಆ ಹಬೆಯೇ ಮೂಲೆಯಲ್ಲಿ ಕಪ್ಪು ಬೂಷ್ಟಾಗಿ, ಬಿಟ್ಟುಹೋಗುವ ದಿನ ನಿಮ್ಮ ಡೆಪಾಸಿಟ್ಟಿಗೆ ಕುತ್ತಾಗುವುದು.

ಈ ವಾರ: ಮೀಟರ್

ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ‘ಇ’ ಅಕ್ಷರವಿದ್ದರೆ ಅದು ಕಂಪನಿಯ ಅಂದಾಜು. ಮೀಟರಿನ ಫೋಟೋ ತೆಗೆದು ನಿಜವಾದ ರೀಡಿಂಗ್ ಕಳಿಸಿ. ಹೊಸ ಮನೆಗೆ ಹೋದ ದಿನ ಹಾಲುಕ್ಕಿಸುವ ಮೊದಲೇ ಆ ಫೋಟೋ ತೆಗೆಯಿರಿ, ಇಲ್ಲವಾದರೆ ಹಿಂದಿದ್ದವರ ಗ್ಯಾಸು ನಿಮ್ಮ ತಲೆಗೆ ಬಂದೀತು.

ಹಳೇ ಕಟ್ಟಡಗಳವರು ಇನ್ನೊಂದನ್ನು ನೋಡಲೇಬೇಕು. ಕೆಲವು ಹಳೆ ಮೀಟರುಗಳು ಘನ ಅಡಿಯಲ್ಲಿ ಎಣಿಸುತ್ತವೆ, ಹೊಸವು ಘನ ಮೀಟರಿನಲ್ಲಿ. ನೂರು ಘನ ಅಡಿ ಎಂದರೆ 2.83 ಘನ ಮೀಟರ್. ಘನ ಮೀಟರಿನಲ್ಲಿ ಎಣಿಸುವ ಮೀಟರು ಕಂಪನಿಯ ದಾಖಲೆಯಲ್ಲಿ ಘನ ಅಡಿಯದೆಂದು ಸೇರಿಕೊಂಡರೆ ಬಿಲ್ಲು ಸುಮಾರು ಮೂರು ಪಟ್ಟಾಗುತ್ತದೆ. ಮೀಟರಿನ ಮೇಲೆ ಏನು ಬರೆದಿದೆ, ಬಿಲ್ಲಿನಲ್ಲಿ ಏನಿದೆ, ಹೋಲಿಸಿ. ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಬೆಲೆಗೆ ಮಿತಿ ಹಾಕಿದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಆ ಮಿತಿ ಯೂನಿಟ್ಟಿನ ದರಕ್ಕೆ ಮತ್ತು ದಿನದ ನಿಗದಿ ಶುಲ್ಕಕ್ಕೆ, ನಿಮ್ಮ ಒಟ್ಟು ಬಿಲ್ಲಿಗಲ್ಲ.

ಕಂಪನಿಗೆ ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಎನರ್ಜಿ ಒಂಬಡ್ಸ್‌ಮನ್ ಬಳಿಗೆ ಹೋಗಿ. ಅದಕ್ಕೆ ಖರ್ಚಿಲ್ಲ.

ಗ್ಯಾಸಿನ ಹಣವನ್ನು ಓನರೇ ವಸೂಲು ಮಾಡುವ ಮನೆಗಳೂ ಇವೆ. ಕಂಪನಿಗೆ ತಾವು ಕೊಟ್ಟ ದರಕ್ಕಿಂತ ಒಂದು ಪೆನ್ನಿಯನ್ನೂ ಅವರು ಹೆಚ್ಚಿಗೆ ತೆಗೆದುಕೊಳ್ಳುವಂತಿಲ್ಲ. ಸಂಕೋಚಪಡದೆ ಬಿಲ್ ತೋರಿಸಿ ಎನ್ನಿ.

ಈ ತಿಂಗಳು: ಓನರಿಗೆ ಕಾಗದ

ನಾವು ಬಾಡಿಗೆಯವರು, ಬಾಯಿಬಿಟ್ಟರೆ ಬೇಜಾರಾದಾರು ಎಂದು ಸುಮ್ಮನಿರುವುದು ನಮ್ಮವರ ಹಳೇ ರೋಗ. ಬಾಡಿಗೆ ಪುಕ್ಕಟೆಯೇನಲ್ಲ. 2020ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಇಂಧನ ದಕ್ಷತೆಯ (ಇಪಿಸಿ) ದರ್ಜೆ ಎಫ್ ಅಥವಾ ಜಿ ಇರುವ ಮನೆಯನ್ನು ವಿನಾಯಿತಿ ನೋಂದಾಯಿಸದೆ ಬಾಡಿಗೆಗೆ ಕೊಡುವಂತಿಲ್ಲ. ನಿಮ್ಮ ಮನೆಯ ದರ್ಜೆಯನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಗ್ಯಾಸ್ ಉಪಕರಣಗಳ ಸುರಕ್ಷತಾ ತಪಾಸಣೆ ಪ್ರತಿ 12 ತಿಂಗಳಿಗೊಮ್ಮೆ ಆಗಬೇಕು, ಅದರ ಪ್ರತಿ ನಿಮ್ಮ ಕೈಸೇರಬೇಕು. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಇಂಗ್ಲೆಂಡಿನಲ್ಲಿ ಇದು 2022ರ ಅಕ್ಟೋಬರ್‌ನಿಂದ ಕಡ್ಡಾಯ. ಗ್ಯಾಸ್ ವಾಸನೆ ಬಂದರೆ ಮಾತ್ರ ಕಾಗದ ಗೀಗದ ಅನ್ನುತ್ತ ಕೂರಬೇಡಿ. ಕಿಟಕಿ ತೆರೆದು, ಹೊರಗೆ ಹೋಗಿ, 0800 111 999ಕ್ಕೆ ಫೋನ್ ಮಾಡಿ.

ಅರ್ಧ ಮಾತ್ರ ಬಿಸಿಯಾಗುವ ರೇಡಿಯೇಟರ್, ಗಾಳಿ ನುಗ್ಗುವ ಕಿಟಕಿ, ಪದೇಪದೇ ಒತ್ತಡ ಇಳಿಯುವ ಬಾಯ್ಲರ್ ಇದ್ದರೆ ಫೋಟೋ ಸಮೇತ ಇಮೇಲ್ ಬರೆಯಿರಿ. ಬಾಯಿಮಾತಿಗೆ ಸಾಕ್ಷಿಯಿಲ್ಲ. ಕಟ್ಟಡದಲ್ಲಿ ನಾಲ್ಕು ಮನೆಗಳಿಗೆ ಅದೇ ತೊಂದರೆಯಿದ್ದರೆ ನಾಲ್ವರೂ ಒಂದೇ ಕಾಗದಕ್ಕೆ ಸಹಿ ಹಾಕಿ. ಅವರು ಕನ್ನಡದವರೇ ಆಗಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ತೊಡಕೆನಿಸಿದರೆ, ಈ ಕರಪತ್ರ ಕೈಗಿತ್ತವರನ್ನೇ ನಿಲ್ಲಿಸಿ ಕೇಳಿ. ಜೊತೆಗೆ ಕೂತು ಬರೆದುಕೊಡುತ್ತಾರೆ.