ಸದ್ದಿಲ್ಲದೆ ಸರಿಪಡಿಸಿದರೆ

ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದವು. ಹಾಗಾಗಿ ಅವುಗಳ ಹಳೆಯ ಕಡತಗಳನ್ನು ಹುಡುಕುವವರು ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಹೋಗುತ್ತಾರೆ. ಯಾವುದೇ ಪತ್ರಾಗಾರದಲ್ಲಿ ಒಂದು ಕಟ್ಟು ಬೇರೆ ಕಪಾಟು ಸೇರಿದರೆ ಕಳೆದುಹೋದಂತೆಯೇ. ಸಹೋದ್ಯೋಗಿಯ ಇಂಥ ಎಡವಟ್ಟನ್ನು ಸದ್ದಿಲ್ಲದೆ ಸರಿಪಡಿಸುವುದೇ ಸೌಜನ್ಯ ಅನ್ನುವವರಿದ್ದಾರೆ. ಆದರೆ ತಪ್ಪು ಅವರಿಗೆ ಗೊತ್ತೇ ಆಗದಿದ್ದರೆ ಮುಂದಿನ ಕಟ್ಟೂ ಅಲ್ಲಿಗೇ ಹೋಗುತ್ತದೆ. ಎಲ್ಲರೆದುರು ಗದರಿದರೆ ಮುಚ್ಚಿಡುವುದನ್ನು ಕಲಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ‘ನೀವು ತಪ್ಪು ಮಾಡಿದ್ದೀರಿ’ ಅನ್ನುವ ಬದಲು ‘ಇಲ್ಲಿ ತಪ್ಪಾಗಿದೆ’ ಅನ್ನಲು ಕನ್ನಡದಲ್ಲಿ ದಾರಿಯಿದೆ. ಮಾಡಿದವರ ಮಾನ ಉಳಿಯುತ್ತದೆ. ಅಷ್ಟು ಹೇಳಿ ನಿಲ್ಲಿಸುವುದು ಮಾತ್ರ ಜಾರಿಕೊಂಡಂತೆ. ಪಕ್ಕಕ್ಕೆ ಕರೆದು ಯಾವ ಕಟ್ಟು, ಎಲ್ಲಿತ್ತು ಎಂದು ತೋರಿಸಿ, ಅವರ ಕೈಯಿಂದಲೇ ಜಾಗಕ್ಕೆ ಇಡಿಸಬೇಕು. ಮತ್ತೆ ಮತ್ತೆ ಹಾಗೇ ಆದರೆ ಮೇಲಧಿಕಾರಿಗೆ ಬರೆದು ತಿಳಿಸುವುದು ಚಾಡಿಯಲ್ಲ. ಮಂಗಳೂರಿನಿಂದ ರೈಲು ಹತ್ತಿ ಬಂದವರು ಬರಿಗೈಯಲ್ಲಿ ಹಿಂತಿರುಗಬಾರದಲ್ಲ.