‘ಫಾರೆಸ್ಟ್’ ಎಂದರೆ ಯಾವ ಕಾಡು?

ಬಾಡದ ಕಡಲಂಚಿನಿಂದ ಘಟ್ಟದ ಮೇಲಿನ ಊರುಗಳವರೆಗೆ ಜನರ ನಾಲಿಗೆಯಲ್ಲಿ ನೆಲೆನಿಂತ ಇಂಗ್ಲಿಷ್ ಶಬ್ದಗಳಲ್ಲಿ ‘ಫಾರೆಸ್ಟ್’ ಒಂದು. ವಿಚಿತ್ರವೆಂದರೆ, ಕಾಡು ಎಂಬ ಅರ್ಥದಲ್ಲಿ ಅದನ್ನು ಬಳಸುವವರು ಕಡಿಮೆ. ‘ಫಾರೆಸ್ಟಿನವರು ಬಂದರು’ ಎಂದರೆ ಇಲಾಖೆಯ ಜೀಪು ಬಂತೆಂದು ಅರ್ಥ. ‘ಮಗ ಫಾರೆಸ್ಟಿನಲ್ಲಿದ್ದಾನೆ’ ಎಂದರೆ ಅವನಿಗೆ ನೌಕರಿಯಾಗಿದೆ. ‘ಆ ಜಾಗ ಫಾರೆಸ್ಟು’ ಎಂದರೆ ಅಲ್ಲಿ ಮನೆ ಕಟ್ಟಿದವನಿಗೆ ಪಹಣಿ ಸಿಗದು. ಸೌದೆಗೆ ಹೊರಟ ಹೆಂಗಸು ಮಾತ್ರ ಇಂದಿಗೂ ಬೆಟ್ಟಕ್ಕೆ ಹೋಗುತ್ತಾಳೆಯೇ ಹೊರತು ಫಾರೆಸ್ಟಿಗಲ್ಲ.

ನಮ್ಮ ಹಿರಿಯರ ಬಳಿ ಶಬ್ದಗಳ ಬಡತನವಿರಲಿಲ್ಲ. ನಿತ್ಯಹರಿದ್ವರ್ಣದ ದಟ್ಟಣೆ ಕಾನು. ತೋಟಕ್ಕೆ ಸೊಪ್ಪು ಕೊಡುವುದು ಬೆಟ್ಟ. ದನ ಮೇಯುವ ಹುಲ್ಲುನೆಲ ಬೇಣ. ಹಾಡಿ, ಹಕ್ಕಲು, ದೇವರಕಾಡುಗಳು ಬೇರೆ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿನಲ್ಲಿ ನಿಂತದ್ದು ಕಾಂಡ್ಲ. ಪ್ರತಿಯೊಂದು ಹೆಸರಿನಲ್ಲೂ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬ ತಿಳಿವಳಿಕೆ ಅಡಗಿತ್ತು. ಬ್ರಿಟಿಷರ ಕಾಲದ ಅರಣ್ಯ ಕಾನೂನುಗಳು ಇವೆಲ್ಲವನ್ನೂ ಒಂದೇ ಶಬ್ದದ ಚೀಲಕ್ಕೆ ತುಂಬಿದವು.

ಆ ಚೀಲದೊಳಗೆ ಏನಿದೆ ಎಂಬುದನ್ನು ನಿರ್ಣಯಿಸಲು ಸರ್ವೋಚ್ಚ ನ್ಯಾಯಾಲಯವೇ ನಿಘಂಟಿನ ಮೊರೆಹೋಗಬೇಕಾಯಿತು. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಅದು, ನಿಘಂಟಿನ ಅರ್ಥದಲ್ಲಿ ಅರಣ್ಯವಾದುದೂ, ಒಡೆತನ ಯಾರದ್ದೇ ಇರಲಿ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದಿರುವುದೂ 1980ರ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಹೇಳಿತು. 2023ರ ತಿದ್ದುಪಡಿ ಈ ಅರ್ಥವನ್ನು ಕಿರಿದಾಗಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಾಲಯವು ಮಧ್ಯಂತರ ಆದೇಶದಲ್ಲಿ ಹಳೆಯ ಅರ್ಥವನ್ನೇ ಅನುಸರಿಸುವಂತೆ ಸೂಚಿಸಿತು. ಒಂದು ಶಬ್ದದ ಅರ್ಥ ಹಿಗ್ಗಿ ಕುಗ್ಗಿದಂತೆಲ್ಲ ಎಷ್ಟು ಗುಡ್ಡಗಳ ಹಣೆಬರಹ ಬದಲಾಗುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನೊಂದು ಅರ್ಥ ಆಕಾಶದಿಂದ ಇಳಿದದ್ದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ ಶೇ. 10ರಷ್ಟು ಮರಗಳ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಜಾತಿ, ಒಡೆತನ ಯಾವುದೂ ಅಡ್ಡಿಯಲ್ಲ. ಹಾಗಾಗಿ ಕರಾವಳಿಯ ತೆಂಗಿನ ತೋಟ, ಗಾಳಿಮರದ ಸಾಲು, ಅಕೇಶಿಯಾ ನೆಡುತೋಪು ಎಲ್ಲವೂ ಉಪಗ್ರಹದ ಕಣ್ಣಿಗೆ ಹಸಿರೇ. ಮರವಿಲ್ಲದ ಬೇಣ ಅಲ್ಲಿ ಕಾಣುವುದೇ ಇಲ್ಲ. ಅದರ ಮೇಲೆ ಅಕೇಶಿಯಾ ನೆಟ್ಟರೆ ಹುಲ್ಲು ಹೋಗುತ್ತದೆ, ದನಗಳಿಗೆ ಮೇವು ತಪ್ಪುತ್ತದೆ, ವರದಿಯಲ್ಲಿ ಮಾತ್ರ ‘ಫಾರೆಸ್ಟ್’ ಹೆಚ್ಚಾಗುತ್ತದೆ! ಕಾನು ಕಡಿದ ನಷ್ಟವನ್ನು ನೆಡುತೋಪಿನ ಲೆಕ್ಕದಿಂದ ಮುಚ್ಚಿಡುವುದಕ್ಕೆ ಇದಕ್ಕಿಂತ ಅನುಕೂಲದ ಶಬ್ದ ಇನ್ನೊಂದಿಲ್ಲ.

ಆದುದರಿಂದ ಗ್ರಾಮಸಭೆಯಲ್ಲಿ ‘ಇದು ಫಾರೆಸ್ಟ್’ ಎಂಬ ಮಾತು ಬಂದ ಕೂಡಲೇ ತಲೆಯಾಡಿಸಬಾರದು. ಯಾವ ಕಾಯಿದೆಯ ಫಾರೆಸ್ಟ್, ಯಾವ ವರ್ಷದ ದಾಖಲೆಯದು ಎಂದು ಕೇಳಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಪಾರಂಪರಿಕ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯ ಬೇಡುತ್ತದೆ. ಅದರ ನಿಯಮಗಳ ಪ್ರಕಾರ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯವೇ. ಕಾನು ಎಲ್ಲಿಯವರೆಗೆ, ಬೇಣ ಎಲ್ಲಿಂದ, ಹಾಡಿಯ ಹೆಸರೇನು ಎಂದು ಬಲ್ಲವರು ಪ್ರತಿ ಊರಿನಲ್ಲೂ ಕೆಲವರಾದರೂ ಇದ್ದಾರೆ. ಈ ಮಳೆಗಾಲ ಮುಗಿಯುವುದರೊಳಗೆ ಅವರ ಬಳಿ ಕುಳಿತು, ಸರ್ವೆ ನಂಬರಿನೊಡನೆ ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.