ಸಂಘದ ವೇದಿಕೆ ಮತ್ತು ಸೊಸೈಟಿಯ ಲಿಫ್ಟು

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ನಾನು ಎರಡು ಸಭೆಗಳಿಗೆ ಹಾಜರಾಗಬೇಕಾಗಿತ್ತು. ಒಂದು, ಮೂವತ್ತು ವರ್ಷಗಳಿಂದ ನಾನು ಸದಸ್ಯನಾಗಿರುವ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯದು. ಇನ್ನೊಂದು, ಮುಂಬಯಿಯ ಉಪನಗರವೊಂದರಲ್ಲಿ ನಾನು ವಾಸಿಸುವ ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆ. ಎರಡೂ ಬೆಳಿಗ್ಗೆ ಹತ್ತೂವರೆಗೆ. ನಾನು ಯಾವ ಅಳುಕೂ ಇಲ್ಲದೆ ಸಂಘಕ್ಕೆ ಹೋದೆ. ಅಲ್ಲಿ ರಾಜ್ಯೋತ್ಸವದ ದಿನ ಸನ್ಮಾನಿತರಿಗೆ ಮೈಸೂರು ಪೇಟ ತೊಡಿಸಬೇಕೋ, ಧಾರವಾಡದ ಕಡೆಯ ರುಮಾಲು ಸುತ್ತಬೇಕೋ ಎಂಬುದನ್ನು ನಾವು ಒಂದು ಗಂಟೆಗೂ ಹೆಚ್ಚು ಕಾಲ ಚರ್ಚಿಸಿದೆವು. ಕೊನೆಗೆ ಪೇಟವೇ ಗೆದ್ದಿತು. ಗೆಲ್ಲಿಸಿದವರಲ್ಲಿ ನಾನೂ ಒಬ್ಬ.

ಅದೇ ಹೊತ್ತಿಗೆ ನಮ್ಮ ಸೊಸೈಟಿಯ ಮಹಾಸಭೆಗೆ ಅರವತ್ತನಾಲ್ಕು ಸದಸ್ಯರಲ್ಲಿ ಹನ್ನೊಂದು ಜನ ಬಂದಿದ್ದರು. ಕೋರಂಗೆ ಇಪ್ಪತ್ತು ಜನ ಬೇಕು. ಆದರೆ ಉಪವಿಧಿಗಳಲ್ಲಿ ಒಂದು ಅನುಕೂಲವಿದೆ: ಅರ್ಧ ಗಂಟೆ ಕಾಯ್ದು, ಸಭೆಯನ್ನು ಮುಂದೂಡಿದಂತೆ ಮಾಡಿ, ಮತ್ತೆ ಸೇರಿದರೆ ಕೋರಂನ ಹಂಗಿಲ್ಲ. ಅರ್ಧ ಗಂಟೆಯ ಮೇಲೆ ಒಂಬತ್ತು ಜನ ಉಳಿದರು. ಆ ಒಂಬತ್ತು ಜನ ಚಹಾ ಕುಡಿದು ಮಾಡಿದ ನಿರ್ಣಯದ ಸಾರ ಇಷ್ಟು: ಮನೆಗೆಲಸದವರು, ಹಾಲು-ಪತ್ರಿಕೆ ಹಾಕುವವರು, ಸಾಮಾನು ತಂದುಕೊಡುವವರು ಮುಂಭಾಗದ ಲಿಫ್ಟನ್ನು ಬಳಸತಕ್ಕದ್ದಲ್ಲ, ಹಿಂಭಾಗದ ಲಿಫ್ಟನ್ನು ಮಾತ್ರ ಬಳಸತಕ್ಕದ್ದು, ತಪ್ಪಿದಲ್ಲಿ ಅವರ ಪ್ರವೇಶದ ಕಾರ್ಡನ್ನು ಹಿಂದಕ್ಕೆ ಪಡೆಯತಕ್ಕದ್ದು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಮಂಡಿಸಿದವರು ನಮ್ಮ ಕನ್ನಡ ಸಂಘದ ಪೋಷಕ ಸದಸ್ಯರು. ಒಂಬತ್ತರಲ್ಲಿ ನಾಲ್ವರು ಕನ್ನಡಿಗರು.

ಹಿಂಭಾಗದ ಲಿಫ್ಟು ತಿಂಗಳಿನಲ್ಲಿ ಹತ್ತು ದಿನ ನಡೆದರೆ ಹೆಚ್ಚು.

ಈ ನಿರ್ಣಯದ ಸುದ್ದಿ ನನಗೆ ತಿಳಿದದ್ದು ನೋಟೀಸು ಬೋರ್ಡಿನಿಂದಲ್ಲ. ರಾಜ್ಯೋತ್ಸವ ಮುಗಿಸಿ, ಕೈಯಲ್ಲಿ ಹೂಮಾಲೆ, ಸ್ಮರಣಿಕೆಗಳ ಚೀಲ ಹಿಡಿದು ಮನೆಗೆ ಬಂದಾಗ ವಿದ್ಯುತ್ತು ಹೋಗಿತ್ತು. ಅಪರೂಪಕ್ಕೆ ಮೆಟ್ಟಿಲು ಹತ್ತಿದೆ. ಐದನೆಯ ಮಹಡಿಯ ತಿರುವಿನಲ್ಲಿ, ಒಂಬತ್ತನೆಯ ಮಹಡಿಯ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸು ಗೋಡೆಗೊರಗಿ ಕುಳಿತು ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು: "ಬರ್ತೀನವ್ವಾ, ಇನ್ನಾ ಎರಡ ಮನಿ ಅದಾವ." ಎಂಟು ವರ್ಷಗಳಿಂದ ಈಕೆ ನಮ್ಮ ಕಟ್ಟಡಕ್ಕೆ ಬರುತ್ತಿದ್ದಾಳೆ. ಎಂಟು ವರ್ಷಗಳಿಂದ ನಾನು ಇವಳೊಡನೆ ನನ್ನ ಹರಕು ಹಿಂದಿಯಲ್ಲಿ ಮಾತನಾಡಿದ್ದೇನೆ. "ಯಾವೂರಮ್ಮ ನಿಮ್ಮದು?" ಎಂದೆ. ಆಕೆ ಗಾಬರಿಯಿಂದ ಎದ್ದು ನಿಂತು, "ಯಾದಗಿರಿ ಕಡಿ ರೀ. ನೀವೂ ಕನ್ನಡದವರೇನ್ರಿ ಸಾಹೇಬ್ರ? ಇಷ್ಟ ವರ್ಷ ಗೊತ್ತೇ ಆಗ್ಲಿಲ್ರೀ" ಎಂದಳು. ಮೆಟ್ಟಿಲೇಕೆ ಎಂದು ಕೇಳಿದ್ದಕ್ಕೆ, "ಹಿಂದಿನ ಲಿಫ್ಟ್ ಬಂದ್ ಬಿದ್ದು ತಿಂಗಳಾತ್ರಿ. ಮುಂದಿಂದ್ರಾಗ ಹತ್ತಿದ್ರ ಕಾರ್ಡ ಕಸಗೋತಾರಂತ. ಮೊಣಕಾಲ ಹಿಡ್ದಾವ್ರಿ, ಕುಂತ ಕುಂತ ಏರತೀನಿ" ಎಂದಳು.

ನನ್ನ ಚೀಲದೊಳಗಿನ ಸ್ಮರಣಿಕೆಯಲ್ಲಿ ಭುವನೇಶ್ವರಿಯ ಚಿತ್ರವಿತ್ತು. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಈ ಸಂಗತಿಯನ್ನು ಮುಂದಿನ ಸಮಿತಿಯ ಸಭೆಯಲ್ಲಿ ನಾನು ಪ್ರಸ್ತಾಪಿಸಿದಾಗ ಬಂದ ಉತ್ತರವೇ ಈ ಲೇಖನಕ್ಕೆ ಕಾರಣ. "ಅದು ಸೊಸೈಟಿಯ ಆಂತರಿಕ ವಿಚಾರ. ನಮ್ಮದು ಸಾಂಸ್ಕೃತಿಕ ಸಂಸ್ಥೆ. ಇದರಲ್ಲಿ ಕನ್ನಡದ ಪ್ರಶ್ನೆ ಎಲ್ಲಿಂದ ಬಂತು?" ಹೀಗೆಂದವರು ಸಜ್ಜನರು. ನನ್ನ ಮಿತ್ರರು. ಆದ್ದರಿಂದಲೇ ಈ ಉತ್ತರವನ್ನು ಸುಮ್ಮನೆ ಬಿಡಲಾಗದು.

ಕನ್ನಡದ ಪ್ರಶ್ನೆ ಎಲ್ಲಿಂದ ಬಂತು ಎಂದರೆ, ಈ ನಗರದಲ್ಲಿ ಸಹಕಾರಿ ವಸತಿ ಎಂಬುದೇ ಕನ್ನಡ ಕರಾವಳಿಯಿಂದ ಬಂದವರ ಕೈಯಲ್ಲಿ ಮೊಳೆತದ್ದರಿಂದ ಬಂತು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಆರಂಭಿಸಿದರು. ಅದಾದ ಹತ್ತು ವರ್ಷಕ್ಕೆ, 1915ರಲ್ಲಿ, ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿತು. ದೇಶದ ಮೊದಲ ಸಹಕಾರಿ ವಸತಿ ಸಂಘಗಳಲ್ಲಿ ಅದೊಂದು. ಅದನ್ನು ಕಟ್ಟಿದ ರಾವ್ ಬಹಾದ್ದೂರ್ ಎಸ್. ಎಸ್. ತಾಲಮಕಿಯವರು ಉತ್ತರ ಕನ್ನಡದ ಶಿರಾಲಿಯ ಮಠದ ಅನುಯಾಯಿಗಳಾದ ಚಿತ್ರಾಪುರ ಸಾರಸ್ವತ ಸಮಾಜದವರು; ಶ್ಯಾಮರಾವ್ ವಿಠಲ ಸಹಕಾರಿ ಬ್ಯಾಂಕನ್ನೂ 1906ರಲ್ಲಿ ಅವರೇ ಆರಂಭಿಸಿದ್ದರು. ಊರು ಬಿಟ್ಟು ಬಂದು, ಬಾಡಿಗೆಯ ಖೋಲಿಗಳಲ್ಲಿ ನವೆಯುತ್ತಿದ್ದ ಗುಮಾಸ್ತರು, ಮಾಲಿಕನ ದಯೆಯಿಲ್ಲದೆ ತಲೆಯ ಮೇಲೊಂದು ಸೂರು ಪಡೆಯುವುದು ಹೇಗೆ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಸಹಕಾರ. ಒಬ್ಬ ಸದಸ್ಯ, ಒಂದು ಮತ. ಹಣವೆಷ್ಟಿದ್ದರೂ ಮತ ಒಂದೇ.

ಇಲ್ಲಿ ಪ್ರಾಮಾಣಿಕರಾಗಿರಬೇಕು. ಗಾಮದೇವಿಯ ಸಂಘ ಒಂದೇ ಸಮುದಾಯಕ್ಕಾಗಿ ಹುಟ್ಟಿದ್ದು. ಸಹಕಾರದ ಬಾಗಿಲೂ ಜಾತಿಯ ಬಾಗಿಲೂ ಒಂದೇ ಚೌಕಟ್ಟಿನಲ್ಲಿ ಕೂತಿದ್ದವು. ಆ ದಿನಗಳಲ್ಲಿ ಅದಕ್ಕೆ ಕಾರಣಗಳಿದ್ದವು: ಪರಸ್ಪರ ನಂಬಿಕೆಯಿಲ್ಲದೆ ಸಾಲ ಹುಟ್ಟುತ್ತಿರಲಿಲ್ಲ, ನಂಬಿಕೆ ಹುಟ್ಟುತ್ತಿದ್ದುದು ನೆಂಟಸ್ತಿಕೆಯೊಳಗೆ. ಆದರೆ ಕಾರಣ ಹೋದ ಮೇಲೂ ಚೌಕಟ್ಟು ಉಳಿಯಿತು. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ವಸತಿ ಸಂಘವೊಂದರ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಮಾತ್ರ ಮೀಸಲಿಡುವ ಉಪವಿಧಿಯನ್ನು ಎತ್ತಿಹಿಡಿಯಿತು. ನ್ಯಾಯಾಲಯ ಹೇಳಿದ್ದು ಕಾನೂನಿನ ಮಾತು. ಆದರೆ ಅದರ ನೆರಳು ಬಿದ್ದದ್ದು, ಅಂಥ ಯಾವ ಉಪವಿಧಿಯೂ ಇಲ್ಲದ ಸಾವಿರಾರು ಸೊಸೈಟಿಗಳ ಮನಸ್ಸಿನ ಮೇಲೆ. ಭಟ್ಕಳದ ಒಬ್ಬ ತರುಣ, ನನ್ನ ಜಿಲ್ಲೆಯವನೇ, ನಮ್ಮ ಕಟ್ಟಡದಲ್ಲಿ ಹನ್ನೊಂದು ತಿಂಗಳ ಕರಾರಿಗೆ ಮನೆ ನೋಡಿ ಮುಂಗಡ ಕೊಡಲು ಸಿದ್ಧನಾಗಿದ್ದ. ಹೆಸರು ಕೇಳಿದ ಮರುದಿನ ಆ ಮನೆ ಬಾಡಿಗೆಗೆ ಇಲ್ಲ ಎಂದಾಯಿತು. ಮೂರು ವಾರಗಳಲ್ಲಿ ಇನ್ನೊಬ್ಬರು ಬಂದು ಸೇರಿದರು. ಆ ಹುಡುಗ ನಮ್ಮ ಸಂಘದ ಕವಿಗೋಷ್ಠಿಯಲ್ಲಿ ಎರಡು ಬಾರಿ ಕವಿತೆ ಓದಿದ್ದಾನೆ. ಎರಡು ಬಾರಿಯೂ ನಾವು ಚಪ್ಪಾಳೆ ತಟ್ಟಿದ್ದೇವೆ.

ಹೊರನಾಡ ಕನ್ನಡಿಗರು ಬಾಗಿಲು ಮುಚ್ಚುವುದರ ಅರ್ಥವನ್ನು ಇತರರಿಂದ ಕಲಿಯಬೇಕಾಗಿಲ್ಲ. 1966ರ ನಂತರದ ವರ್ಷಗಳಲ್ಲಿ ಈ ನಗರದಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1974ರಲ್ಲಿ ನಾನು ಇಲ್ಲಿಗೆ ಬಂದಾಗ ಪರೇಲಿನ ಚಾಳಿನ ಒಂದು ಖೋಲಿಯಲ್ಲಿ ಏಳು ಜನರಿದ್ದೆವು. ಎದುರು ಖೋಲಿಯ ಮರಾಠಿ ಗಿರಣಿ ಕಾರ್ಮಿಕನ ಹೆಂಡತಿ, ನಮ್ಮಲ್ಲೊಬ್ಬನಿಗೆ ವಿಷಮಜ್ವರ ಬಂದಾಗ ಹದಿನೈದು ದಿನ ಗಂಜಿ ಕೊಟ್ಟಳು. ಯಾರ ಊರು, ಯಾವ ಜಾತಿ ಎಂದು ಆಕೆ ಕೇಳಿದ್ದು ಅವನು ಎದ್ದು ಕುಳಿತ ಮೇಲೆ. ಚಾಳನ್ನು ನಾನು ಹೊಗಳುತ್ತಿಲ್ಲ; ಬೆಳಗಿನ ಜಾವ ಪಾಯಖಾನೆಯ ಮುಂದೆ ಸಾಲು ನಿಂತವನು ಚಾಳಿನ ಬಗ್ಗೆ ಭಾವಗೀತೆ ಬರೆಯಲಾರ. ಆದರೆ ಅಲ್ಲಿ ಎರಡು ಮೆಟ್ಟಿಲುಸಾಲು ಇರಲಿಲ್ಲ.

ಇನ್ನು "ಸಾಂಸ್ಕೃತಿಕ ಸಂಸ್ಥೆ" ಎಂಬ ಮಾತು. ಮುಂಬಯಿಯ ಕನ್ನಡ ಸಂಸ್ಥೆಗಳು ತಮ್ಮ ಆರಂಭದ ದಿನಗಳಲ್ಲಿ ಮಾಡಿದ ಅತ್ಯಂತ ಸಾಂಸ್ಕೃತಿಕವಾದ ಕೆಲಸ ರಾತ್ರಿಶಾಲೆಗಳು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ ಹುಡುಗರನ್ನು ಕರೆತಂದು ರಾತ್ರಿ ಅಕ್ಷರ ಕಲಿಸಿದವರು, ಆ ಹುಡುಗನ ಜಾತಿಯನ್ನೋ ಅವನು ಮಾಡುವ ಕೆಲಸವನ್ನೋ ಅಡ್ಡ ತರಲಿಲ್ಲ. ಅಲ್ಲಿ ಕಲಿತವರು ಮುಂದೆ ವಕೀಲರಾದರು, ಉದ್ಯಮಿಗಳಾದರು, ನಮ್ಮ ಸಭಾಗೃಹಗಳಿಗೆ ದೇಣಿಗೆ ಕೊಟ್ಟರು. ಇಂದು ಪಾತ್ರೆ ತಿಕ್ಕುವವರು ಕಲಬುರಗಿ, ಯಾದಗಿರಿ, ವಿಜಯಪುರಗಳ ಹೆಣ್ಣುಮಕ್ಕಳು. ಕಟ್ಟಡ ಕಟ್ಟುವವರು ಅವರ ಗಂಡಂದಿರು. ಬದಲಾದದ್ದು ಇಷ್ಟೆ: ಅಂದು ನಾವು ಅವರೊಡನೆ ಕರಾವಳಿಯಿಂದ ಬಂದಿದ್ದೆವು, ಇಂದು ಅವರು ನಮ್ಮ ಹಿಂದೆ ಬರಗಾಲದ ಸೀಮೆಯಿಂದ ಬಂದಿದ್ದಾರೆ. ಅವರ ಕನ್ನಡ ನಮಗೆ ಕೇಳಿಸುವುದಿಲ್ಲ. ನಗರಪಾಲಿಕೆಯ ಕನ್ನಡ ಶಾಲೆಗಳಿಗೆ ಮಕ್ಕಳು ಬರುತ್ತಿಲ್ಲವೆಂದು ನಾವು ಪ್ರತಿ ವರ್ಷ ಠರಾವು ಮಾಡುತ್ತೇವೆ. ಆ ಶಾಲೆಗೆ ಹೋಗಬಹುದಾಗಿದ್ದ ಮಗುವಿನ ತಾಯಿ ನಮ್ಮ ಅಡುಗೆಮನೆಯಲ್ಲಿಯೇ ನಿಂತಿರುವಾಗ ನಾವು ಅವಳೊಡನೆ ಹಿಂದಿಯಲ್ಲಿ ಮಾತನಾಡುತ್ತೇವೆ.

ಲಿಫ್ಟಿನ ನಿರ್ಣಯವನ್ನು ಸಮರ್ಥಿಸುವವರ ವಾದಗಳು ಎರಡು. ಮೊದಲನೆಯದು ಭದ್ರತೆ. ಕಳ್ಳತನಗಳಾಗಿವೆ, ನಿಜ. ಅದಕ್ಕಾಗಿಯೇ ಪೊಲೀಸ್ ತಪಾಸಣೆ, ಫೋಟೋ ಸಹಿತ ಕಾರ್ಡು, ಬಾಗಿಲಲ್ಲಿ ವಾಚ್‌ಮನ್, ಮಹಡಿಗೊಂದು ಕ್ಯಾಮೆರಾ ಬಂದವು. ಇವುಗಳಲ್ಲಿ ಯಾವುದನ್ನೂ ನಾನು ವಿರೋಧಿಸಿಲ್ಲ. ಆದರೆ ಮನೆಯ ಬೀಗದ ಕೈಯನ್ನೇ ಒಪ್ಪಿಸಿ ಕಚೇರಿಗೆ ಹೋಗುವವರು, ಅದೇ ಹೆಂಗಸಿನೊಡನೆ ನಲವತ್ತು ಸೆಕೆಂಡು ಒಂದು ಪೆಟ್ಟಿಗೆಯಲ್ಲಿ ನಿಲ್ಲಲಾರೆವು ಎನ್ನುವುದಕ್ಕೆ ಭದ್ರತೆ ಎಂಬ ಹೆಸರು ಸಲ್ಲದು. ಅದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೊಂದಿದೆ: ಮಡಿ. ಎರಡನೆಯ ವಾದ ಜನಸಂದಣಿಯದು, ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಲಿಫ್ಟು ಸಿಗುವುದಿಲ್ಲ ಎಂಬುದು. ಇದು ನ್ಯಾಯವಾದ ತೊಂದರೆ. ಹಿಂದಿನ ಲಿಫ್ಟನ್ನು ದುರಸ್ತಿ ಮಾಡಿಸಿದರೆ ಮುಗಿಯುತ್ತದೆ. ಅದಕ್ಕೆ ಹಣವಿಲ್ಲವಂತೆ. ಪ್ರವೇಶದ್ವಾರಕ್ಕೆ ಇಟಲಿಯ ಅಮೃತಶಿಲೆ ಹಾಕಿಸಿದ್ದು ಅದೇ ವರ್ಷ.

2020ರ ದಿಗ್ಬಂಧನದ ಕಾಲವನ್ನು ನೆನೆಯಿರಿ. ತಿಂಗಳುಗಟ್ಟಲೆ ಮನೆಗೆಲಸದವರಿಗೆ ಬಾಗಿಲು ಮುಚ್ಚಿತ್ತು. ರೋಗದ ಭಯ ಎಲ್ಲರಿಗೂ ಇತ್ತು, ಅದನ್ನು ತಪ್ಪೆನ್ನಲಾರೆ. ಆದರೆ ವಿಮಾನದಲ್ಲಿ ಬಂದ ನೆಂಟರು ಮುಂಭಾಗದ ಲಿಫ್ಟಿನಲ್ಲಿಯೇ ಹತ್ತಿದರು. ಸಂಬಳ ಕೊಟ್ಟವರು ಕೆಲವರು, ಕೊಡದವರು ಬಹುಮಂದಿ. ಮನೆಗೆಲಸದವರ ಕಲ್ಯಾಣ ಮಂಡಳಿಗೆಂದು ಮಹಾರಾಷ್ಟ್ರ 2008ರಲ್ಲಿಯೇ ಕಾಯಿದೆ ಮಾಡಿದೆ. ನಮ್ಮ ಕಟ್ಟಡದಲ್ಲಿ ಕೆಲಸ ಮಾಡುವ ಎಷ್ಟು ಜನ ಅದರಲ್ಲಿ ಹೆಸರು ನೋಂದಾಯಿಸಿದ್ದಾರೆಂದು ಈ ಚಳಿಗಾಲದಲ್ಲಿ ವಿಚಾರಿಸಿದೆ. ನನಗೆ ಸಿಕ್ಕವರಲ್ಲಿ ಒಬ್ಬರೂ ಇಲ್ಲ.

ಈಗ ನಮ್ಮ ಗೈರುಹಾಜರಿಯ ಮಾತು. ಮುಂಬಯಿ ನಗರಪಾಲಿಕೆಯ ಚುನಾಯಿತ ಸಭೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದು, ಆ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ನಗರವನ್ನು ನಡೆಸಿದಾಗ ನಾವೆಲ್ಲ ಪ್ರಜಾಪ್ರಭುತ್ವದ ಅವಸಾನದ ಬಗ್ಗೆ ಭಾಷಣ ಮಾಡಿದೆವು. ಅದೇ ನಾವು, ನಮ್ಮ ಮತಕ್ಕೆ ನಿಜವಾಗಿ ಬೆಲೆಯಿರುವ, ಹದಿನಾಲ್ಕು ದಿನ ಮೊದಲೇ ನೋಟೀಸು ಕೊಟ್ಟು ಕರೆಯುವ ಏಕೈಕ ಸಭೆಗೆ ಹೋಗುವುದಿಲ್ಲ. ಬಾಡಿಗೆದಾರ ಹೋಗಲಾರ, ಅವನು ನಾಮಮಾತ್ರ ಸದಸ್ಯ, ಅವನಿಗೆ ಮತವಿಲ್ಲ. ಮನೆಗೆಲಸದವಳಿಗಂತೂ ಅಲ್ಲಿ ಹೆಸರೇ ಇಲ್ಲ. ಹೋಗಬಹುದಾದವರು ನಾವು, ಹೋಗದವರೂ ನಾವೇ. ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಪ್ರಶ್ನೆ ಬಂದಾಗ ಮಾತ್ರ ಸಭೆ ತುಂಬುತ್ತದೆ. 2019ರ ಸರಕಾರಿ ಆದೇಶದ ಪ್ರಕಾರ ಅದಕ್ಕೆ ಮೂರನೆಯ ಎರಡರಷ್ಟು ಸದಸ್ಯರ ಹಾಜರಿ ಬೇಕು, ಒಟ್ಟು ಸದಸ್ಯರಲ್ಲಿ ಶೇಕಡಾ 51ರ ಒಪ್ಪಿಗೆ ಬೇಕು. ಅಲ್ಲಿ ಅರ್ಧ ಗಂಟೆಯ ಉಪಾಯ ನಡೆಯದು. ಇಟ್ಟಿಗೆ-ಸಿಮೆಂಟಿಗೆ ಕಾಯಿದೆ ಕಾವಲು ನಿಂತಿದೆ. ಮನುಷ್ಯರನ್ನು ಕುರಿತ ನಿರ್ಣಯಕ್ಕೆ ಒಂದು ಕಪ್ಪು ಚಹಾ ತಣಿಯುವಷ್ಟು ಹೊತ್ತು ಸಾಕು.

ನನ್ನನ್ನು ಹೊರಗಿಟ್ಟು ಇದನ್ನು ಬರೆಯುತ್ತಿಲ್ಲ. ಆ ಭಾನುವಾರ ನಾನು ಕೆಳಗಿಳಿದು ಹತ್ತು ಹೆಜ್ಜೆ ನಡೆದಿದ್ದರೆ ನಿರ್ಣಯ ಸರ್ವಾನುಮತದ್ದಾಗುತ್ತಿರಲಿಲ್ಲ. ಬಿದ್ದುಹೋಗುತ್ತಿತ್ತೆಂದು ಹೇಳಲಾರೆ, ನಡಾವಳಿಯಲ್ಲಿ ಒಂದು ವಿರೋಧದ ಹೆಸರಾದರೂ ಇರುತ್ತಿತ್ತು. ಪೇಟವೋ ರುಮಾಲೋ ಎಂಬುದನ್ನು ನಾನಿಲ್ಲದೆಯೂ ಸಮಿತಿ ತೀರ್ಮಾನಿಸುತ್ತಿತ್ತು.

ಸದಸ್ಯರಲ್ಲಿ ಐದನೆಯ ಒಂದು ಭಾಗ ಲಿಖಿತವಾಗಿ ಕೇಳಿದರೆ ವಿಶೇಷ ಮಹಾಸಭೆಯನ್ನು ಕರೆಯಲೇಬೇಕು. ಅರವತ್ತನಾಲ್ಕಕ್ಕೆ ಹದಿಮೂರು ಸಹಿಗಳು. ಜನವರಿಯಿಂದ ಮನೆಮನೆ ಹತ್ತಿ ಹನ್ನೊಂದನ್ನು ಸೇರಿಸಿದ್ದೇನೆ. ಅವುಗಳಲ್ಲಿ ಮೂರು ಗುಜರಾತಿಗಳದು, ನಾಲ್ಕು ಮರಾಠಿಗರದು, ಒಂದು ಮಲೆಯಾಳಿ ದಾದಿಯದು, ಎರಡು ಸಿಂಧಿ ಸಹೋದರರದು. ಹನ್ನೊಂದನೆಯದು ನನ್ನದು. ನಮ್ಮ ಕಟ್ಟಡದಲ್ಲಿ ಕನ್ನಡಿಗರ ಮನೆಗಳು ಹದಿನಾಲ್ಕು. ಬಾಕಿ ಹದಿಮೂರು ಮನೆಗಳಿಗೂ ಹೋಗಿದ್ದೇನೆ. ಎಲ್ಲೆಡೆ ಕಾಫಿ ಕೊಟ್ಟಿದ್ದಾರೆ, ಕನ್ನಡದಲ್ಲಿಯೇ ಉಪಚರಿಸಿದ್ದಾರೆ, ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಅವರಲ್ಲಿ ಎಂಟು ಮನೆಗಳಿಗೆ ಈ ಪತ್ರಿಕೆ ಅಂಚೆಯಲ್ಲಿ ಬರುತ್ತದೆ. ಓದಿದ ಮೇಲೆ ಏಳನೆಯ ಮಹಡಿಗೆ ಬಂದರೆ ಕಾಗದವೂ ಪೆನ್ನೂ ನನ್ನಲ್ಲಿವೆ. ಇನ್ನೆರಡು ಸಹಿಗಳು ಬೇಕು.